ಎದೆಯ ಹಿತ್ತಲು

ಹಾಲೇಶಪ್ಪನ ಎದೆಯಿಂದ ಹಾಲು ಬರುತ್ತಿದೆಯಂತೆ ಎಂಬ ಸುದ್ದಿ ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ತನಕ ಹಬ್ಬುವುದಕ್ಕೆ ಅರ್ಧ ದಿನವೂ ಬೇಕಾಗಲಿಲ್ಲ. ಹೆಸರಿಗೆ ತಕ್ಕ ಹಾಗೆ ಆಯಿತು ಎಂದು ಕೆಲವರು ನಕ್ಕರು. ಇದು ದೇವರ ಮಹಿಮೆಯೇ ಇರಬೇಕೆಂದು ಊದಿನಕಡ್ಡಿ ಹಿಡಿದು ಆಸ್ಪತ್ರೆಯ ಗೇಟಿನವರೆಗೂ ಬಂದವರು ಕೆಲವರು. ಹಾಲೇಶಪ್ಪನ ಹೆಂಡತಿ ಕೆಂಚಮ್ಮನಿಗೆ ಮಾತ್ರ ನಗುವೂ ಬರಲಿಲ್ಲ, ಭಕ್ತಿಯೂ ಬರಲಿಲ್ಲ. ಗಂಡನ ಬಲಪಕ್ಕೆಯಿಂದ ಇಳಿಬಿಟ್ಟ ನಳಿಗೆಯೊಳಗೆ ಬೆಳ್ಳಗಿನ ದ್ರವ ಜಾರಿ ಜಾರಿ ಮಂಚದ ಕೆಳಗಿನ ಬಾಟಲಿಗೆ ಬೀಳುವುದನ್ನು ನೋಡುತ್ತಾ, ಇದು ಹಾಲಲ್ಲ, ಇವರ ಜೀವವೇ ಹೀಗೆ ಇಳಿದು ಹೋಗುತ್ತಿದೆ ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ್ದು ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು.

ಹಾಲೇಶಪ್ಪ ಬ್ಯಾಂಡ್ ಸೆಟ್ಟಿನಲ್ಲಿ ಕ್ಲಾರಿಯೊನೆಟ್ ಊದುವವನು. ಊರಲ್ಲಿ ಆಟೋಗಳಿಗೆ ಡ್ರೈವರುಗಳಿಲ್ಲದೆ ವರ್ಷಗಳೇ ಆಗಿದ್ದವು. ಹತ್ತಿ ಕೂತು "ಬಲಕ್ಕೆ ತಿರುಗು, ಆ ಬೇವಿನಮರದ ಹತ್ರ ನಿಲ್ಲು" ಎಂದರೆ ಅವು ಕೇಳುತ್ತಿದ್ದವು. ಮೆರವಣಿಗೆಯ ದೀಪದ ಗಾಡಿಗಳೂ ತಾವೇ ಉರುಳಿಕೊಂಡು ಬರುತ್ತಿದ್ದವು. ಆದರೆ ಮದುಮಗನ ಸೋದರಮಾವಂದಿರನ್ನು ನಡುಬೀದಿಯಲ್ಲಿ ಕುಣಿಸುವ ಯಂತ್ರವನ್ನು ಇನ್ನೂ ಯಾರೂ ಕಂಡುಹಿಡಿದಿರಲಿಲ್ಲವಾದ್ದರಿಂದ ಹಾಲೇಶಪ್ಪನಿಗೆ ಕೈತುಂಬ ಕೆಲಸವಿತ್ತು. ಮದುಮಗನಿಗೆ ಮುಖಮಾಡಿ ಊದುತ್ತಾ ಹಿಂದುಹಿಂದಕ್ಕೆ ನಡೆಯುವುದು ಅವನ ಷೋಕಿ. ಒಂದು ದಿನ ಬೆನ್ನ ಹಿಂದಿನ ದೀಪದ ಗಾಡಿ ಯಾಕೋ ನಿಂತುಬಿಟ್ಟಿತು. ಇವನು ಅದರ ಮೇಲೆ ಅಂಗಾತ ಬಿದ್ದ. ಬೆನ್ನು ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿತು. ಜನ ಅಯ್ಯೋ ಎನ್ನುವಷ್ಟರಲ್ಲಿ ಎದ್ದು, ಧೂಳು ಕೊಡವಿಕೊಂಡು, ಹಾಡು ಮುಗಿಸಿ, ಹೋಳಿಗೆಯ ಮೇಲೆ ಎರಡೆರಡು ಸಲ ತುಪ್ಪ ಹಾಕಿಸಿಕೊಂಡು ಉಂಡು ಮನೆಗೆ ಬಂದ. ಎರಡು ದಿನ ಬಿಟ್ಟು ಉಸಿರು ಸಿಕ್ಕದಂತಾಯಿತು.

ಎದೆಗೆ ನಳಿಗೆ ಹಾಕಿದ ಡಾಕ್ಟರು ವಿಶಾಲಾಕ್ಷಿ, ಕೆಂಚಮ್ಮನನ್ನು ಪಕ್ಕಕ್ಕೆ ಕೂರಿಸಿಕೊಂಡು ಆದದ್ದನ್ನು ಹೇಳಿದರು. ಡಾಕ್ಟರಮ್ಮ ಹರಿಹರದ ಕಡೆಯವರು. ಇಂಗ್ಲಿಷಿನಲ್ಲಿ ಓದಿದ್ದನ್ನು ಕನ್ನಡದಲ್ಲಿ ಹೇಳುವುದೆಂದರೆ ಅವರಿಗೆ ಒಂದು ಹಟ.

"ನಿಮ್ಮ ಮನ್ಯಾಗೆ ಪಡಸಾಲಿ, ನಡುಮನಿ, ಹಿತ್ತಲು ಎಲ್ಲ ಅದಾವಲ್ಲ ಕೆಂಚಮ್ಮ?"

"ನಮ್ದು ಒಂದೇ ಕೋಣಿ ರೀ ಮೇಡಂ. ಅದ್ರಾಗೇ ಎಲ್ಲ."

ಡಾಕ್ಟರಮ್ಮ ಒಂದು ಕ್ಷಣ ತಡವರಿಸಿದರು. "ನಿಮ್ಮ ತವರುಮನ್ಯಾಗೆ?"

"ಅಲ್ಲಿ ಇದ್ವು."

"ಹಂಗಾರೆ ಅದನ್ನೇ ನೆನಸ್ಕೊಳ್ರಿ. ಎರಡು ಲಂಗ್ಸಿನ ನಡುವಿನ ಜಾಗ ಒಂದು ಮನಿ ಇದ್ದಂಗೆ. ಎದಿ ಮೂಳೆ ಹಿಂದೇನೆ ಪಡಸಾಲಿ. ನಡುಮನ್ಯಾಗೆ ಹೃದಯ ಕುಂತೈತಿ. ಅದರ ಹಿಂದೆ, ಬೆನ್ನಮೂಳೆಗೆ ಹತ್ತಿಕೊಂಡು ಹಿತ್ತಲು. ಬಂದವ್ರು ಯಾರೂ ಹಿತ್ತಲು ನೋಡಂಗಿಲ್ಲ, ಆದ್ರೆ ಮನೀ ಪೈಪೆಲ್ಲ ಹೋಗೋದು ಅಲ್ಲೇ. ನೀವು ಉಂಡ ಅನ್ನ ಇಳಿಯೋ ಪೈಪು ಅಲ್ಲೈತಿ. ಹೃದಯದಿಂದ ಹೊಟ್ಟಿಗೆ ರಕ್ತ ಒಯ್ಯೋ ದೊಡ್ಡ ಪೈಪು ಅಲ್ಲೈತಿ. ಅದರ ಬಲಕ್ಕೆ ವಾಪಸ್ ಬರೋ ರಕ್ತದ್ದು ಒಂದು. ಈ ರಕ್ತದ ಪೈಪು ಎರಡರ ನಡುವೆ, ಅನ್ನದ ಪೈಪಿನ ಮರೆಗೆ, ಊದಿನಕಡ್ಡಿಯಷ್ಟು ದಪ್ಪ ಒಂದು ಕೊಳವಿ. ತಿಂದ ಎಣ್ಣಿ, ಬೆಣ್ಣಿ, ತುಪ್ಪದ ಸಾರ ಹೊಟ್ಟಿಯಿಂದ ಮೇಲೆ ಕುತ್ತಿಗಿ ತನಕ ಹೋಗಿ ರಕ್ತ ಸೇರೋದು ಅದರಾಗೆ. ಹಾಲಿನಂಗೆ ಕಾಣ್ತೈತಿ. ಬಿದ್ದಾಗ ಅದು ಹರದೈತಿ."

ಕೆಂಚಮ್ಮನಿಗೆ ತವರಿನ ಹಿತ್ತಲು ಕಣ್ಣಿಗೆ ಕಟ್ಟಿತು. ಹುಣಸೆಮರದ ಬುಡದಲ್ಲಿ ಪೈಪು ಒಡೆದರೆ ಎಲ್ಲಿ ಒಡೆದಿದೆ ಎಂದು ಅಪ್ಪ ಗಂಟೆಗಟ್ಟಲೆ ಅಗೆಯುತ್ತಿದ್ದ. "ಹುಡುಕಿ ಮುಚ್ಚಬೇಕಲ್ರಿ ಹಂಗಾರೆ," ಎಂದಳು.

"ಮೊದಲು ತಾನೇ ಮುಚ್ಚಿಕೊಳ್ತೈತೇನು ನೋಡಾಣ. ಅಲ್ಲಿತನಕ ಒಂದು ಹನಿ ಎಣ್ಣಿ, ತುಪ್ಪ ಬಾಯಿಗೆ ಹೋಗಬಾರದು. ಹೋದ್ರೆ ಆ ಕೊಳವಿ ಉಕ್ಕತೈತಿ, ಗಾಯ ಕೂಡಂಗಿಲ್ಲ."

ಅವತ್ತಿನಿಂದ ಕೆಂಚಮ್ಮ ಗಂಡನ ಬಾಯಿಗೆ ಕಾವಲು ಕೂತಳು. ಬೆಳಗಿನ ಹೊತ್ತು ಮಂಡಕ್ಕಿ ಭಟ್ಟಿಯಲ್ಲಿ ಮರಳಿನ ಬಾಣಲೆಯ ಮುಂದೆ ಕೆಲಸ, ಉಳಿದ ಹೊತ್ತೆಲ್ಲ ಆಸ್ಪತ್ರೆ. ಒಗ್ಗರಣೆಯಿಲ್ಲದ ಸಾರು, ಕೆನೆ ತೆಗೆದು ಮತ್ತೆ ತೆಗೆದ ಮಜ್ಜಿಗೆ, ಎಣ್ಣೆ ಸೋಕದ ಮಂಡಕ್ಕಿ. ಅವನು ಉಣ್ಣದ ಎಣ್ಣೆಯನ್ನು ತಾನು ಉಣ್ಣಲಾರದೆ ಅವಳೂ ಅದನ್ನೇ ಉಂಡಳು. ನೋಡಲು ಬಂದವರು ಪ್ರೀತಿಯಿಂದ ತಂದ ಚಕ್ಕುಲಿ, ಶೇಂಗಾ ಉಂಡೆಗಳನ್ನು ವಾರ್ಡಿನ ಬಾಗಿಲಲ್ಲೇ ಕಸಿದುಕೊಂಡು ಬಯ್ಗುಳ ತಿಂದಳು. ಹಾಲೇಶಪ್ಪ ಮಲಗಿದಲ್ಲಿಂದಲೇ ಊರಿನ ಬೆಣ್ಣೆದೋಸೆ ಹೋಟೆಲುಗಳ ಹೆಸರುಗಳನ್ನು ಜಪದಂತೆ ಹೇಳಿಕೊಳ್ಳುತ್ತಿದ್ದ. "ಲೇ ಕೆಂಚಿ, ಬೆಣ್ಣಿ ಬ್ಯಾಡ, ಕಾವಲಿ ಮ್ಯಾಲಿನ ವಾಸನಿನಾದ್ರೂ ತಂದು ಕೊಡೆ," ಎಂದು ಗೋಗರೆಯುತ್ತಿದ್ದ. ಬಾಟಲಿಯ ಬಿಳಿ ಹೋಗಿ ತೆಳು ಹಳದಿಯಾಯಿತು. ಆದರೆ ಸೋರುವುದು ನಿಲ್ಲಲಿಲ್ಲ. ವಾರಗಳು ಕಳೆದಂತೆ ಊದುವಾಗ ಉಬ್ಬುತ್ತಿದ್ದ ಅವನ ಕೆನ್ನೆಗಳು ಒಳಕ್ಕೆ ಹೋದವು, ಕುತ್ತಿಗೆಯ ನರಗಳು ಎದ್ದು ಕಂಡವು.

ಎದೆ ಸೀಳಿ ಹೊಲಿಯೋಣವೆಂದರೆ ಅಷ್ಟು ತಡೆಯುವ ಶಕ್ತಿ ಈ ಮೈಯಲ್ಲಿಲ್ಲ ಎಂದರು ಡಾಕ್ಟರಮ್ಮ. ಉಳಿದದ್ದು ಎರೆಹುಳು ಒಂದೇ.

ಅದರ ನಿಜವಾದ ಹೆಸರು ಬೇರೆ ಏನೋ ದೊಡ್ಡದಿತ್ತು. ಊರಿನ ಇಂಜಿನಿಯರಿಂಗ್ ಕಾಲೇಜಿನ ಇಮ್ತಿಯಾಜ್ ಎಂಬವನು ತನ್ನ ಗೆಳೆಯರನ್ನು ಕಟ್ಟಿಕೊಂಡು ಮಾಡಿದ ದಾರದಂಥ ಯಂತ್ರ ಅದು. ಬೆನ್ನಿನಲ್ಲಿ ಸೂಜಿಯಷ್ಟು ತೂತು ಮಾಡಿ ಬಿಟ್ಟರೆ ಪೊರೆಗಳ ಸಂದಿನಲ್ಲಿ ಮೈ ಹಿಗ್ಗಿಸಿ ಕುಗ್ಗಿಸಿ ತೆವಳುತ್ತಿತ್ತು. ತಲೆಯಲ್ಲಿ ಒಂದು ಕಣ್ಣು, ಒಂದು ದೀಪ, ಒಂದು ಹನಿ ಅಂಟು. ಬಾಲ ಮಾತ್ರ ಹೊರಗೇ ಇರುತ್ತಿತ್ತು. ಆಟೋಗೆ ಹೇಳಿದ ಹಾಗೆ ಅದಕ್ಕೂ ಬಾಯಲ್ಲೇ ದಾರಿ ಹೇಳುವುದು. ಮೊದಲ ಸಲ ಅಭ್ಯಾಸಕ್ಕೆಂದು ಜೆಲ್ಲಿಯ ಬೊಂಬೆಯೊಳಗೆ ಬಿಟ್ಟಾಗ ಡಾಕ್ಟರಮ್ಮ ಬೆನ್ನಮೂಳೆಯ ಕಡೆಗೆ ಹೋಗಲೆಂದು "ಹಿಂದಕ್ಕೆ ಹೋಗು" ಎಂದರಂತೆ. ಹುಳು ವಿಧೇಯವಾಗಿ ಬಂದ ದಾರಿಯಲ್ಲೇ ಹಿಂದಕ್ಕೆ ಸರಿದು ಮೇಜಿನ ಮೇಲೆ ಬಿತ್ತಂತೆ. ಅದರ ತಪ್ಪೇನೂ ಇರಲಿಲ್ಲ. ನಾವು ಆ ಒಂದು ಮಾತಿನಲ್ಲಿ ಎಷ್ಟು ಅರ್ಥ ತುರುಕಿದ್ದೇವೆ ಎಂದು ಅದಕ್ಕೇನು ಗೊತ್ತು. ಆಮೇಲೆ ಆ ಮಾತನ್ನೇ ಕೈಬಿಟ್ಟು ಪಡಸಾಲೆ, ನಡುಮನೆ, ಹಿತ್ತಲು ಎಂದು ಕಲಿಸಿದರು.

ಆಪರೇಷನ್ನಿಗೆ ಮುಂಚೆ ಮನೆಯವರಿಗೆ ಹೇಳಲೇಬೇಕಾದ ಸಂಗತಿ ಒಂದಿತ್ತು. ಖಾಲಿಯಿದ್ದಾಗ ಆ ಕೊಳವೆ ಗಾಜಿನ ಹಾಳೆಯ ಹಾಗೆ, ಕಣ್ಣಿಗೇ ಬೀಳುವುದಿಲ್ಲ. ಕೆಲವು ಗಂಟೆ ಮುಂಚೆ ಜಿಡ್ಡು ತಿನ್ನಿಸಿದರೆ ಅದು ಬೆಳ್ಳಗೆ ತುಂಬಿಕೊಂಡು ಎದ್ದು ಕಾಣುತ್ತದೆ. ಹುಳುವಿನ ಕಣ್ಣು ಹುಡುಕುವುದು ಆ ಬಿಳಿಯನ್ನೇ. ಇದನ್ನು ಕೆಂಚಮ್ಮನಿಗೆ ನರ್ಸು ಹೇಳುತ್ತಾಳೆ ಎಂದು ಡಾಕ್ಟರಮ್ಮ ತಿಳಿದರು. ಡಾಕ್ಟರಮ್ಮ ಹೇಳಿರುತ್ತಾರೆ ಎಂದು ನರ್ಸು ತಿಳಿದಳು.

ಆಪರೇಷನ್ನಿನ ದಿನ ಬೆಳಗ್ಗೆ ಆ ನರ್ಸು ಸ್ಟೀಲಿನ ಡಬ್ಬಿಯ ತುಂಬ ಬೆಣ್ಣೆ ತಂದು ಕೆಂಚಮ್ಮನ ಕೈಗಿತ್ತಳು. "ಇವತ್ತು ಬೆಣ್ಣಿ ಕೊಡಬೇಕಂತ್ರಿ. ಕೇಳಿದಷ್ಟು ಕೊಡ್ರಿ, ಬ್ಯಾಡ ಅನ್ನಬ್ಯಾಡ್ರಿ," ಎಂದು ಹೇಳಿ ಮುಂದಿನ ಮಂಚಕ್ಕೆ ಹೋದಳು.

ಕೆಂಚಮ್ಮ ಡಬ್ಬಿ ಹಿಡಿದುಕೊಂಡು ನಿಂತೇ ಇದ್ದಳು. ಕೇಳಿದಷ್ಟು ಕೊಡ್ರಿ. ಆ ಮಾತು ಅವಳಿಗೆ ಹೊಸದಲ್ಲ. ಅಪ್ಪನಿಗೆ ಕಾಯಿಲೆಯಾಗಿ, ಉಪ್ಪು ಬೇಡ ಖಾರ ಬೇಡ ಎಂದು ತಿಂಗಳುಗಟ್ಟಲೆ ಪಥ್ಯ ಹಾಕಿದ್ದ ಡಾಕ್ಟರು ಒಂದು ದಿನ ಅವ್ವನನ್ನು ಅಂಗಳಕ್ಕೆ ಕರೆದು, ದನಿ ತಗ್ಗಿಸಿ, "ಇನ್ನ ಕೇಳಿದ್ದು ಕೊಡ್ರಿ" ಎಂದಿದ್ದರು. ಅಪ್ಪ ಮೆಣಸಿನಕಾಯಿ ಬಜ್ಜಿ, ಮಂಡಕ್ಕಿ ಕೇಳಿದ. ಅವ್ವ ಕಣ್ಣೊರೆಸಿಕೊಳ್ಳುತ್ತಾ ಮಾಡಿ ಕೊಟ್ಟಳು. ಅಪ್ಪ ಖುಷಿಯಾಗಿ ತಿಂದ. ವಾರ ತುಂಬುವುದರೊಳಗೆ ಮನೆ ಮುಂದೆ ಚಟ್ಟ ಕಟ್ಟಿದರು. ಕೆಂಚಮ್ಮನ ಓಣಿಯಲ್ಲಿ ಇವತ್ತಿಗೂ ಕಾಯಿಲೆ ಬಿದ್ದವರು ಹೇಗಿದ್ದಾರೆ ಎಂದು ಯಾರಾದರೂ ಕೇಳಿದರೆ "ಕೇಳಿದ್ದು ಕೊಡ್ರಿ ಅಂದಾರಂತೆ" ಎಂದರೆ ಸಾಕು, ಕೇಳಿದವರು ತಲೆ ತಗ್ಗಿಸುತ್ತಾರೆ.

ಹಾಗಾದರೆ ಈ ಆಪರೇಷನ್ನು ಬರೀ ಹೆಸರಿಗೆ. ಕೈಲಾದದ್ದು ಮಾಡಿದೆವು ಎನ್ನುವುದಕ್ಕೆ.

"ಏನೇ ಅದು, ಬೆಣ್ಣಿ ವಾಸನಿ?" ಹಾಲೇಶಪ್ಪ ಕಣ್ಣು ಮುಚ್ಚಿಕೊಂಡೇ ಮೂಗರಳಿಸಿದ.

"ಪಕ್ಕದ ಮಂಚದವ್ರದು. ಸುಮ್ನೆ ಮಲಕ್ಕೊಳ್ರಿ."

ಡಬ್ಬಿಯ ಮುಚ್ಚಳ ಒತ್ತಿ ಕೈಚೀಲದ ತಳಕ್ಕೆ ತುರುಕಿದಳು. ಇದನ್ನು ಕೊಟ್ಟರೆ ತಾನೇ ಕೊನೆ. ಕೊಡದಿದ್ದರೆ ಹೇಗೆ ಕೊನೆಯಾಗುತ್ತದೆ ನೋಡೋಣ ಎಂಬ ಮೊಂಡು ಧೈರ್ಯ. ನರ್ಸು ಬಂದು "ತಿಂದ್ರಾ?" ಎಂದಾಗ "ಪೂರ್ತಿ ತಿಂದ್ರು" ಎಂದಳು. ಎದೆಯ ನಳಿಗೆಯನ್ನು ಆಪರೇಷನ್ನಿಗೆಂದು ಆಗಲೇ ಬಿಗಿದು ಮುಚ್ಚಿದ್ದರಿಂದ ಬಾಟಲಿಗೂ ನಿಜ ಹೇಳುವ ದಾರಿ ಇರಲಿಲ್ಲ.

ಎರೆಹುಳು ಬಿಡುವಾಗ ಮನೆಯವರೊಬ್ಬರು ಕಂಟ್ರೋಲ್ ರೂಮಿನಲ್ಲಿ ಕೂರಬೇಕೆಂಬ ಪದ್ಧತಿ ಆ ಆಸ್ಪತ್ರೆಯಲ್ಲಿತ್ತು. ಹುಳು ಒಳಗೇ ಉಳಿದು ಮರಿ ಹಾಕುತ್ತದಂತೆ ಎಂದು ಊರಲ್ಲಿ ಗಾಳಿಮಾತು ಹಬ್ಬಿದ ಮೇಲೆ, ಹೋದದ್ದು ವಾಪಸ್ಸು ಬಂತು ಎಂದು ಮನೆಯವರೇ ನೋಡಿ ಹೇಳಲಿ ಎಂದು ಮಾಡಿದ್ದು. ಹಾಗಾಗಿ ಕೆಂಚಮ್ಮ ಗಾಜಿನ ಈಚೆ, ಚೀಲವನ್ನು ಮಡಿಲಲ್ಲಿ ಅವುಚಿಕೊಂಡು ಕೂತಳು. ಗಾಜಿನ ಆಚೆ ಹಾಲೇಶಪ್ಪ ಎಡಮಗ್ಗುಲಿಗೆ ಮಲಗಿ ಜೊಂಪಿನಲ್ಲಿದ್ದ. ಮೂಗಿನಿಂದ ಅನ್ನದ ಪೈಪಿನೊಳಕ್ಕೆ ಒಂದು ನಳಿಗೆ ಇಳಿಸಿ ಅದರಲ್ಲಿ ಪುಟ್ಟ ದೀಪ ಇಟ್ಟಿದ್ದರು. ಒಳಗಿನ ಕತ್ತಲಲ್ಲಿ ಹುಳುವಿಗೆ ಅದೇ ಗುರುತು.

ದೊಡ್ಡ ಪರದೆಯ ಮೇಲೆ ಕೆಂಪು, ನಸುಗೆಂಪು ಪೊರೆಗಳು ಸರಿಯತೊಡಗಿದವು.

"ಹಿತ್ತಲಿಗೆ ಹೋಗು," ಎಂದರು ಡಾಕ್ಟರಮ್ಮ. "ನಿಧಾನ. ನಡುಮನಿ ಕಡೆ ತಿರುಗಬ್ಯಾಡ."

ಪರದೆಯ ಒಂದು ಅಂಚು ತಾಳಕ್ಕೆ ಸರಿಯಾಗಿ ಅದುರುತ್ತಿತ್ತು. ಅದು ಗಂಡನ ಹೃದಯ, ಹಿಂದಿನಿಂದ ಕಂಡದ್ದು ಎಂದು ಇಮ್ತಿಯಾಜ್ ಮೆಲ್ಲಗೆ ಹೇಳಿದ. ಇಷ್ಟು ವರ್ಷ ಸಂಸಾರ ಮಾಡಿದರೂ ಈ ಮಗ್ಗುಲಿಂದ ನೋಡಿರಲಿಲ್ಲ ಎಂದುಕೊಂಡಳು. ಅಗೋ ಅನ್ನದ ಪೈಪು, ಒಳಗಿನ ದೀಪದಿಂದ ಹೊಳೆಯುತ್ತಿದೆ. ಅದರಾಚೆ ದಪ್ಪನೆಯ ರಕ್ತದ ಪೈಪು ಬಡಿದುಕೊಳ್ಳುತ್ತಿದೆ. ಈಚೆಗೆ ನೀಲಿಯದು. ನಡುವೆ ಇರಬೇಕಾದ ಬಿಳಿ ಎಳೆ ಮಾತ್ರ ಇಲ್ಲ.

ಹುಳು ಮೇಲೆ ಹೋಯಿತು, ಕೆಳಗೆ ಬಂತು. ಡಾಕ್ಟರಮ್ಮನ ದನಿ ಬಿಗಿಯಾಯಿತು. "ಬೆಳಗ್ಗೆ ಬೆಣ್ಣಿ ತಿಂದಾರೆ. ಇಷ್ಟೊತ್ತಿಗೆ ಹಾಲಿನಂಗೆ ತುಂಬಿರಬೇಕಿತ್ತು."

"ಇಲ್ಲೊಂದು ಪೇಲವ ಎಳೆ ಐತಿ ಮೇಡಂ," ಇಮ್ತಿಯಾಜ್ ಬೆರಳಿಟ್ಟು ತೋರಿಸಿದ. "ಸ್ವಲ್ಪ ಬಲಕ್ಕೆ. ಇದೇ ಇರಬೌದು ಅಂತ ಹುಳ ಹೇಳ್ತೈತಿ, ಆದ್ರೆ ಗ್ಯಾರಂಟಿ ಇಲ್ಲ."

ಡಾಕ್ಟರಮ್ಮ ಬಹಳ ಹೊತ್ತು ನೋಡಿದರು. "ತಿಂದೂ ಬಿಳಿ ಬಂದಿಲ್ಲ ಅಂದ್ರೆ ಕೆಳಗೇ ಎಲ್ಲೋ ಪೂರ್ತಿ ಕಡಿದು ಹೋಗೈತಿ. ಹಂಗಾದ್ರೆ ಇಲ್ಲಿ ಉಳಿದಿರೋದು ಖಾಲಿ ಕೊಳವಿ. ಇದೇ ಇರಬೇಕು. ನರ ಏನಾರ ಆಗಿದ್ರೆ ಕಷ್ಟ." ಮತ್ತೆ ತಮ್ಮಷ್ಟಕ್ಕೇ ಹೇಳಿಕೊಂಡರು, "ಇವತ್ತು ಮುಚ್ಚದಿದ್ರೆ ಇನ್ನೊಂದು ಸಲಕ್ಕೆ ಈ ಮನುಷ್ಯ ಉಳಿಯಂಗಿಲ್ಲ."

ಕೆಂಚಮ್ಮನಿಗೆ ಆ ಮಾತು ನಿಧಾನವಾಗಿ ಒಳಗಿಳಿಯಿತು. ಉಳಿಯಂಗಿಲ್ಲ ಎಂದರು. ಅಂದರೆ ಉಳಿಸುವುದಕ್ಕೇ ಕೂತಿದ್ದಾರೆ. ಕೈಬಿಟ್ಟವರು ಹೀಗೆ ಬೆವರುವುದಿಲ್ಲ. ಬೆಣ್ಣೆ ಕೊಡಲು ಹೇಳಿದ್ದು ಕಳಿಸಿಕೊಡುವುದಕ್ಕಲ್ಲ, ಕೊಳವೆ ಕಾಣಲಿ ಎಂದು.

"ಅಲ್ಲಿ ಹಚ್..." ಎಂದು ಡಾಕ್ಟರಮ್ಮ ಶುರುಮಾಡಿದ್ದರು.

"ತಿಂದಿಲ್ರಿ."

ಇಬ್ಬರೂ ತಿರುಗಿದರು. ಕೆಂಚಮ್ಮ ಎದ್ದು ನಿಂತಿದ್ದಳು. ಚೀಲದಿಂದ ಡಬ್ಬಿ ತೆಗೆದು ಎರಡೂ ಕೈಯಲ್ಲಿ ಮುಂದೆ ಹಿಡಿದಳು. ಸೆಕೆಗೆ ಬೆಣ್ಣೆ ಕರಗಿ ಚೀಲದ ತಳವೆಲ್ಲ ಜಿಡ್ಡಾಗಿತ್ತು. "ಅವ್ರು ತಿಂದಿಲ್ರಿ ಮೇಡಂ. ನಾನೇ ಕೊಡಲಿಲ್ಲ. ಸುಳ್ಳು ಹೇಳ್ದೆ. ಒಂದು ಹನಿನೂ ಕೊಟ್ಟಿಲ್ಲ."

"ಅಲ್ಲೇ ಇರು," ಎಂದರು ಡಾಕ್ಟರಮ್ಮ, ಕೆಂಚಮ್ಮನಿಗಲ್ಲ, ಹುಳುವಿಗೆ. ಆಮೇಲೆ ಕುರ್ಚಿಗೆ ಒರಗಿ ಉಸಿರು ಬಿಟ್ಟರು. "ಯಾಕೆ ಕೊಡಲಿಲ್ಲ?"

"ಕೇಳಿದಷ್ಟು ಕೊಡ್ರಿ ಅಂದ್ರಲ್ರಿ ನರ್ಸಮ್ಮ. ನಮ್ಮಪ್ಪಗೂ ಹಂಗೇ ಅಂದಿದ್ರು." ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಡಾಕ್ಟರಮ್ಮ ಹರಿಹರದವರಾದದ್ದು ಒಳ್ಳೆಯದಾಯಿತು. ಆ ಮಾತಿಗೆ ಅಲ್ಲಿಯೂ ಅದೇ ಅರ್ಥ, ಇನ್ನೇನೂ ಬಿಡಿಸಿ ಹೇಳಬೇಕಾಗಲಿಲ್ಲ. ಅವರ ಮುಖದಲ್ಲಿ ಸಿಟ್ಟು ಬಂದ ಹಾಗೆ ಬಂದು, ದಾರಿಯಲ್ಲೇ ಬೇರೇನೋ ಆಯಿತು. ಎದ್ದು ಬಂದು ಡಬ್ಬಿಯ ಜೊತೆಗೆ ಅವಳ ಕೈಗಳನ್ನೂ ಹಿಡಿದುಕೊಂಡರು.

"ನೀವು ಇನ್ನೊಂದು ಕ್ಷಣ ಬಿಟ್ಟು ಹೇಳಿದ್ರೆ ನಾನು ಎಲ್ಲಿ ಅಂಟು ಹಾಕಿರ್ತಿದ್ನೋ ದೇವರಿಗೇ ಗೊತ್ತು. ಈಗ ಹೇಳಿದ್ರಲ್ಲ, ಸಾಕು. ಇಮ್ತಿಯಾಜ್, ಇದನ್ನ ಬೆಚ್ಚಗೆ ಮಾಡಿ ಸೋಸಿ ತರಾಕೆ ಹೇಳು. ಮೂಗಿನ ನಳಿಗಿ ಹೆಂಗೂ ಐತಲ್ಲ."

ಹೀಗೆ ಕೆಂಚಮ್ಮನ ಚೀಲದ ಬೆಣ್ಣೆ ಹಾಲೇಶಪ್ಪನ ಮೂಗಿನ ನಳಿಗೆಯಲ್ಲಿ ಹೊಟ್ಟೆಗಿಳಿಯಿತು. ನಾಲಿಗೆಗೆ ಮಾತ್ರ ಅದರ ರುಚಿ ಸಿಗಲಿಲ್ಲ. ಇದೊಂದು ಅನ್ಯಾಯವನ್ನು ಅವನು ಆಮೇಲೆ ಎಷ್ಟೋ ಸಲ ಎತ್ತಿ ಆಡಿದ.

ಕಾಯುವುದು ಶುರುವಾಯಿತು. ಒಂದು ತಾಸು ಕಳೆಯಿತು, ಇನ್ನೊಂದೂ ಮುಗಿಯುತ್ತ ಬಂತು. ಹುಳು ಅನ್ನದ ಪೈಪಿನ ಮರೆಯಲ್ಲಿ ದೀಪ ಹಿಡಿದು ಕೂತೇ ಇತ್ತು. ಡಾಕ್ಟರಮ್ಮ ಪರದೆ ಬಿಟ್ಟು ಕದಲಲಿಲ್ಲ. ಕೆಂಚಮ್ಮ ತನಗೆ ಗೊತ್ತಿದ್ದ ದೇವರುಗಳಿಗೆಲ್ಲ ಕೈಮುಗಿದು, ಕೊನೆಗೆ ಗೊತ್ತಿಲ್ಲದವರಿಗೂ ಒಂದು ಮುಗಿದಳು. ಪರದೆಯಲ್ಲಿ ಪೈಪುಗಳ ನಡುವಿನ ಜಾಗ ಬರಿದಾಗಿಯೇ ಇತ್ತು.

ಮೊದಲು ಕಂಡದ್ದು ಅವಳಿಗೇ. ಪರದೆಯ ಕೆಳಗಿನ ತುದಿಯಲ್ಲಿ, ಸಾರಿಸಿದ ನೆಲದ ಮೇಲೆ ಯಾರೋ ರಂಗೋಲಿ ಹಿಟ್ಟು ಬಿಡಲು ಶುರುಮಾಡಿದ ಹಾಗೆ, ಒಂದು ಬಿಳಿ ಗೆರೆ. ಅದು ಮೆಲ್ಲಮೆಲ್ಲಗೆ ಮೇಲಕ್ಕೆ ಬಂತು. ರಕ್ತದ ಎರಡು ಪೈಪುಗಳ ನಡುವೆ, ಸರಿಯಾಗಿ ಡಾಕ್ಟರಮ್ಮ ಹೇಳಿದ್ದ ಜಾಗದಲ್ಲಿ, ಆ ಪೇಲವ ಎಳೆಯಿಂದ ಎಷ್ಟೋ ಆಚೆಗೆ. ಒಂದು ಕಡೆ ಗೆರೆ ಒಡೆದು ಬೆಳ್ಳಗೆ ಚದುರಿತು.

"ಅಲ್ಲೈತ್ರಿ," ಎಂದಳು ಕೆಂಚಮ್ಮ. "ಅಲ್ಲೇ ಒಡದೈತಿ."

"ಹೌದು, ಅಲ್ಲೇ." ಡಾಕ್ಟರಮ್ಮ ಪರದೆಯ ಕಡೆ ಬಾಗಿದರು. "ಆ ಪೇಲವ ಎಳೆ ಹೊಟ್ಟಿಗೆ ಹೋಗೋ ನರ ಇಮ್ತಿಯಾಜ್. ಅಲ್ಲಿ ಅಂಟು ಹಾಕಿದ್ರೆ ಏನು ಗತಿ ಆಗ್ತಿತ್ತು?" ಆಮೇಲೆ ಹುಳುವಿನ ಕಡೆ ತಿರುಗಿ ಹೇಳಿದರು, "ಎಡಕ್ಕೆ. ಬಿಳಿ ಒಡೆದಲ್ಲಿಂದ ಒಂದು ಬೆರಳು ಕೆಳಗೆ. ಅಲ್ಲಿ ಹಚ್ಚು."

ಅಂಟು ಬಿತ್ತು. ಬಿಳಿ ಅಲ್ಲಿಗೇ ನಿಂತಿತು. ಕೊಳವೆ ಮುಚ್ಚಿದರೆ ಆ ಸಾರ ಎಲ್ಲಿಗೆ ಹೋಗುತ್ತದೆ ಎಂದು ಕೆಂಚಮ್ಮ ಕೇಳಿದಳು. ಅಕ್ಕಪಕ್ಕದ ಸಣ್ಣಸಣ್ಣ ಕಾಲುವೆಗಳು ಹಿಗ್ಗಿಕೊಂಡು ಒಯ್ಯುತ್ತವೆ, ಮೈಗೆ ಆ ಬುದ್ಧಿ ಇದೆ ಎಂದರು ಡಾಕ್ಟರಮ್ಮ. "ಇನ್ನ ಬಾ," ಎಂದು ಕರೆದಾಗ ಎರೆಹುಳು ಬೆನ್ನಿನ ತೂತಿನಿಂದ ಪೂರ್ತಿ ಹೊರಗೆ ಬಂದು ತಟ್ಟೆಯಲ್ಲಿ ಸುರುಳಿ ಸುತ್ತಿಕೊಂಡಿತು. ಕೆಂಚಮ್ಮ ಪದ್ಧತಿಯಂತೆ "ಬಂತ್ರಿ, ನೋಡ್ದೆ" ಎಂದಳು. ಅಷ್ಟು ಹೇಳಿ ಅಲ್ಲೇ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಯಾರೂ ಸಮಾಧಾನ ಮಾಡಲು ಹೋಗಲಿಲ್ಲ. ಅದು ಆಗಬೇಕಾದ ಅಳುವೇ ಆಗಿತ್ತು.

ಕೆಲವು ದಿನ ಕಳೆದು ಕೊನೆಯ ಪರೀಕ್ಷೆ ಬಂತು. ಹಾಲೇಶಪ್ಪ ಜಿಡ್ಡು ತಿನ್ನಬೇಕು, ಬಾಟಲಿ ಬೆಳ್ಳಗಾಗಬಾರದು. ಈ ಸಲ ಡಾಕ್ಟರಮ್ಮ ತಾವೇ ಬಂದು ಕೂತು ಎಲ್ಲವನ್ನೂ ಬಿಡಿಸಿ ಹೇಳಿದರು. ಕೆಂಚಮ್ಮ ಆಟೋ ಹತ್ತಿ, ಗಂಡ ದಿನಾ ಜಪ ಮಾಡುತ್ತಿದ್ದ ಹೋಟೆಲಿಗೇ ದಾರಿ ಹೇಳಿ, ಬೆಣ್ಣೆದೋಸೆ ಕಟ್ಟಿಸಿಕೊಂಡು ಬಂದಳು. ಎಲೆ ಬಿಚ್ಚಿದಾಗ ವಾರ್ಡಿಗೆ ವಾರ್ಡೇ ಆ ಕಡೆ ತಿರುಗಿತು. ಹಾಲೇಶಪ್ಪ ಮೊದಲ ತುತ್ತನ್ನು ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ಅಗಿಯಲೇ ಇಲ್ಲ. ಅವನ ಕಣ್ಣಲ್ಲಿ ನೀರು ಬಂದದ್ದು ಖಾರಕ್ಕೆ ಎಂದು ಅವನೇ ಹೇಳಿದ. ಖಾರದ ಚಟ್ನಿಯನ್ನು ಅವನಿನ್ನೂ ಮುಟ್ಟಿಯೇ ಇರಲಿಲ್ಲ.

ಸಂಜೆಯಾಯಿತು. ಕೆಂಚಮ್ಮ ಗಳಿಗೆಗೊಮ್ಮೆ ಮಂಚದ ಕೆಳಗೆ ಬಗ್ಗಿ ನೋಡಿದಳು. ಬಾಟಲಿಗೆ ಹೊಸದಾಗಿ ಏನೂ ಇಳಿದಿರಲಿಲ್ಲ. ಮರುದಿನ ಬೆಳಗ್ಗೆಯೂ ಹಾಗೇ ಇತ್ತು. ಡಾಕ್ಟರಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿ, ನಳಿಗೆ ತೆಗೆಸಿ, ಕೆಂಚಮ್ಮನ ಕಡೆ ತಿರುಗಿದರು.

"ಇನ್ನ ಪಥ್ಯ ಏನೂ ಇಲ್ಲ. ಅವ್ರು ಕೇಳಿ..." ಎನ್ನುತ್ತಿದ್ದವರು ಗಕ್ಕನೆ ನಿಲ್ಲಿಸಿದರು. ಬೇರೆ ಮಾತಿಗೆ ತಡಕಾಡಿದರು.

"ಹೇಳ್ರಿ ಮೇಡಂ," ಎಂದಳು ಕೆಂಚಮ್ಮ. "ನಿಮ್ಮ ಬಾಯಾಗೆ ಆ ಮಾತು ಒಂದ್ಸಲ ಕೇಳಬೇಕು ನಾನು."

"ಕೇಳಿದ್ದು ಕೊಡ್ರಿ," ಎಂದರು ಡಾಕ್ಟರಮ್ಮ.

ಮಂಚದ ಮೇಲಿನಿಂದ ಹಾಲೇಶಪ್ಪ ತಡಮಾಡಲಿಲ್ಲ. "ಹಂಗಾರೆ ಕೆಂಚಿ, ಓಡು. ಎರಡು ಬೆಣ್ಣಿದೋಸಿ. ಒಂದರ ಮ್ಯಾಲೆ ಜಾಸ್ತಿ ಬೆಣ್ಣಿ ಹಾಕ್ಸು."

"ಸುಮ್ನಿರ್ರಿ ಸಾಕು," ಎಂದಳು ಕೆಂಚಮ್ಮ, ಅವನ ಹೊದಿಕೆ ಸರಿಮಾಡುತ್ತಾ. "ನಿನ್ನೆ ತಾನೆ ತಿಂದೀರಿ. ದಿನಾ ಅಷ್ಟು ಬೆಣ್ಣಿ ತಿಂದ್ರೆ ಹೊಟ್ಟಿ ಏನಾಗಬೇಕು? ಇನ್ನೂ ಬಹಳ ವರ್ಷ ತಿನ್ನಾದೈತಿ."